ಮೂರನೆಯ ಕೂಗು

ಕಿರಿಯರ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ ತಂದೆತಾಯಿಗಳು ಮಕ್ಕಳ ಮೇಲೆ ಕೂಗಾಡುವುದನ್ನು ನಿಷೇಧಿಸಿಲ್ಲ; ಕ್ರಮಬದ್ಧಗೊಳಿಸಲಾಗಿದೆ. ಈ ವ್ಯತ್ಯಾಸ ತಿಳಿಯದವರು ಕ್ಲಬ್ಬಿನ ಬಗ್ಗೆ ಇಲ್ಲಸಲ್ಲದ್ದು ಆಡಿಕೊಳ್ಳುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುವುದು ಒಳ್ಳೆಯದು.

ಹಿಂದಿನ ವರ್ಷದ ಒಂದು ಪಂದ್ಯದಲ್ಲಿ ಗೋಲಿನ ಮುಂದೆ ನಿಂತಿದ್ದ ಒಂಬತ್ತು ವರ್ಷದ ಮಗುವಿಗೆ ಅಪ್ಪ ‘ಎಡಕ್ಕೆ’ ಎಂದೂ, ಅಮ್ಮ ‘ಬಲಕ್ಕೆ’ ಎಂದೂ, ದೊಡ್ಡಪ್ಪ ‘ಎಗರು’ ಎಂದೂ ಒಟ್ಟಿಗೇ ಕೂಗಿದರು. ಹಿರಿಯರ ಮಾತು ಮೀರಬಾರದೆಂದು ಕಲಿತಿದ್ದ ಮಗು ಎರಡೂ ಕಿವಿ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟಿತು. ಚೆಂಡು ಅದರ ತಲೆಯ ಮೇಲಿಂದ ಒಳಗೆ ಹೋಯಿತು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು, ಅದು ಕ್ರೀಡಾ ಒಕ್ಕೂಟದ ಕಚೇರಿ ಮುಟ್ಟಿತು, ಅಲ್ಲಿಂದ ಸುತ್ತೋಲೆ ಬಂತು. ಮಕ್ಕಳ ಹಿತಕ್ಕೆ ತಕ್ಕ ಏರ್ಪಾಡು ಮಾಡದ ಕ್ಲಬ್ಬುಗಳಿಗೆ ಇನ್ನು ಮುಂದೆ ಮೈದಾನವಿಲ್ಲ ಎಂಬುದು ಅದರ ಸಾರಾಂಶ.

ಕ್ಲಬ್ಬಿನ ಕಾರ್ಯದರ್ಶಿಗಳು ವೃತ್ತಿಯಿಂದ ಹಲ್ಲಿನ ಡಾಕ್ಟರು. ಬಾಯಿ ತೆರೆಸಿಟ್ಟು ಮಾತು ಬರದಂತೆ ಮಾಡುವುದು ಅವರಿಗೆ ದಿನನಿತ್ಯದ ಕೆಲಸ. ಪಾಲಕರ ಬಾಯಿ ಮುಚ್ಚಿಸಿದರೆ ಅವರು ಮಕ್ಕಳನ್ನು ಬೇರೆ ಕ್ಲಬ್ಬಿಗೆ ಕರೆದೊಯ್ಯುತ್ತಾರೆ. ಮುಚ್ಚಿಸದಿದ್ದರೆ ಮೈದಾನ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೂರು ಸಭೆ, ಎರಡು ಉಪಸಮಿತಿಗಳ ನಂತರ ನಲವತ್ತೊಂದು ಪುಟದ ‘ಕೂಗು ನಿಯಮಾವಳಿ’ ಹೊರಬಂತು. ಅದರ ಪ್ರಕಾರ ಪಾಲಕರು ತಮ್ಮ ಕೂಗನ್ನು ನಮೂನೆ ಕೂ-1ರಲ್ಲಿ, ಹನ್ನೆರಡು ಪದಗಳಿಗೆ ಮೀರದಂತೆ, ಪ್ರಾಣಿಗಳ ಹೆಸರು ಬಳಸದೆ, ರೆಫರಿಯ ದೃಷ್ಟಿದೋಷವನ್ನು ಪ್ರಸ್ತಾಪಿಸದೆ ಬರೆದು ಸಲ್ಲಿಸತಕ್ಕದ್ದು. ಅದನ್ನು ಕ್ಲಬ್ಬಿನ ಅಧಿಕೃತ ಕೂಗುವವರು ಪಾಲಕರ ಪರವಾಗಿ ಕೂಗತಕ್ಕದ್ದು.

ಆ ಹುದ್ದೆಗೆ ಅರ್ಜಿ ಹಾಕಿದವರು ಒಬ್ಬರೇ. ಮೂವತ್ತನಾಲ್ಕು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗಿ ನಿವೃತ್ತರಾಗಿದ್ದ ಜವಾನರು. ಮಗಳ ಮನೆಯ ಮಹಡಿ ಕೋಣೆಯಲ್ಲಿ ಕೂತು ಬೇಜಾರಾಗಿತ್ತು. ಮೊಮ್ಮಗಳು ಹೇಗೂ ಅದೇ ಕ್ಲಬ್ಬಿನಲ್ಲಿ ಹನ್ನೊಂದನೇ ನಂಬರಿನ ಅಂಗಿ ತೊಟ್ಟು ಆಡುತ್ತಿದ್ದಳು. ನಿಂತಲ್ಲಿ ನಿಲ್ಲದ ಆ ಹುಡುಗಿಯನ್ನು ಎಲ್ಲರೂ ಪಾದರಸ ಎನ್ನುತ್ತಿದ್ದರು. ಅಜ್ಜನಿಗೆ ಎರಡೇ ವಾರದಲ್ಲಿ ಕೂಗಜ್ಜ ಎಂಬ ಹೆಸರು ಬಿತ್ತು.

ಕೂಗಜ್ಜನ ಪದ್ಧತಿ ಕೋರ್ಟಿನದೇ. ಕೊಲೆಗಾರನನ್ನೂ ಚರಂಡಿ ತಕರಾರಿನವನನ್ನೂ ಒಂದೇ ದನಿಯಲ್ಲಿ ಕರೆದು ಪಳಗಿದ ಗಂಟಲು. ಯಾವುದನ್ನೇ ಆಗಲಿ ಮೂರು ಸಲ ಕೂಗದೆ ಕೂಗಿದಂತಾಗುವುದಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದಾಗ ಸಮಿತಿ ಮೆಚ್ಚಿ ಅದನ್ನೂ ನಿಯಮಕ್ಕೆ ಸೇರಿಸಿತು. ಕೂಗು ಕೇಳುವಾಗ ಮಕ್ಕಳ ಗಮನ ಚೆಂಡಿನ ಮೇಲಿರಬಾರದೆಂದು, ಮೊದಲ ಕೂಗಿನಿಂದ ಮೂರನೆಯ ಕೂಗು ಮುಗಿಯುವ ತನಕ ರೆಫರಿ ಆಟ ನಿಲ್ಲಿಸತಕ್ಕದ್ದು ಎಂದೂ ಬರೆಯಲಾಯಿತು. ಹೀಗಾಗಿ, “ಏಳನೇ ನಂಬರಿನವರ ತಾಯಿಯವರಿಂದ ಏಳನೇ ನಂಬರಿನವರಿಗೆ: ಓಡು ಬಂಗಾರಿ, ಓಡು” ಎಂದು ಕೂಗಜ್ಜ ಸುಣ್ಣದ ಗೆರೆಯ ಪಕ್ಕದ ಮೇಜಿನ ಹಿಂದೆ ನಿಂತು ಮೂರು ಸಲ ಹೇಳುವಾಗ, ಇಡೀ ಮೈದಾನದಲ್ಲಿ ಓಡುತ್ತಿದ್ದವರು ಯಾರೂ ಇರುತ್ತಿರಲಿಲ್ಲ. ಏಳನೇ ನಂಬರು ಸೊಂಟದ ಮೇಲೆ ಕೈಯಿಟ್ಟು ಗಂಭೀರವಾಗಿ ತಲೆಯಾಡಿಸುತ್ತಿತ್ತು.

ವ್ಯವಸ್ಥೆ ಚೆನ್ನಾಗಿ ನಡೆಯಿತು. ಪಾಲಕರ ಕೈಬರಹ ಸುಧಾರಿಸಿತು.

ಮಕ್ಕಳ ದನಿಗೂ ಅವಕಾಶವಿರಬೇಕೆಂದು ಸುತ್ತೋಲೆ ಹೇಳಿದ್ದರಿಂದ ನಮೂನೆ ಕೂ-7 ಕೂಡ ಇತ್ತು. ಮಗು ತನ್ನ ದೂರನ್ನು ಅದರಲ್ಲಿ ಬರೆದು ಪೆಟ್ಟಿಗೆಗೆ ಹಾಕಬೇಕು. ಪಂದ್ಯದ ನಡುವೆ ಮಗುವಿನ ನಂಬರನ್ನು ಮೂರು ಸಲ ಕೂಗಲಾಗುವುದು. ಮೂರನೆಯ ಕೂಗಿನೊಳಗೆ ಮಗು ಗೆರೆ ದಾಟಿ ಮೇಜಿನ ಮುಂದೆ ಹಾಜರಾಗದಿದ್ದರೆ ದೂರು ವಜಾ. ಕೋಚ್ ಒಪ್ಪಿಗೆ ಇಲ್ಲದೆ ಮಗು ಗೆರೆ ದಾಟುವುದು ಶಿಸ್ತಿನ ಉಲ್ಲಂಘನೆ. ದೂರು ದಾಖಲಾಗಿದ್ದರೆ ಮಾತ್ರ ಕೋಚ್ ಒಪ್ಪಿಗೆ ಕೊಡಬಹುದು. ಹಾಜರಾದರೆ ಮಾತ್ರ ದೂರು ದಾಖಲಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ಏಳು ದೂರು ಬಂದು ಏಳೂ ಗೈರುಹಾಜರಿಯಿಂದ ವಜಾ ಆದವು. ‘ನಮ್ಮಲ್ಲಿ ದೂರುಗಳೇ ಇಲ್ಲ’ ಎಂಬ ಫಲಕವನ್ನು ಗೇಟಿಗೆ ಹಾಕಲಾಯಿತು. ಆ ಏಳನ್ನೂ ಕೂಗಿದವರು ಕೂಗಜ್ಜನೇ. ಕೂಗುವುದು ತಮ್ಮ ಕೆಲಸ, ಆಮೇಲಿನದು ಮೇಲಿನವರ ಕೆಲಸ ಎಂದು ಅವರು ಮೂವತ್ತನಾಲ್ಕು ವರ್ಷದಿಂದ ನೆಮ್ಮದಿಯಾಗಿದ್ದವರು.

ಆ ನೆಮ್ಮದಿ ಒಂದು ಶನಿವಾರ ಬಚ್ಚಲುಮನೆಯ ಬಾಗಿಲಲ್ಲಿ ಕೆಟ್ಟಿತು. ಪಾದರಸ ಮಣೆಯ ಮೇಲೆ ಕೂತು ಬಲಗಾಲಿಗೆ ತಣ್ಣೀರು ಸುರಿದುಕೊಳ್ಳುತ್ತಿದ್ದಳು. ಮಂಡಿ ಬನ್ನಿನಂತೆ ಊದಿತ್ತು. ಎರಡು ವಾರದಿಂದ ಹೀಗೇ ಇದೆಯಂತೆ. ಅವಳ ಅಮ್ಮ, ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು, ಕೆಲಸ ಮುಗಿಸಿ ಬಂದವಳೇ ಮಗಳನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಒತ್ತಿ ನೋಡಿ, ಮೂರು ವಾರ ಓಡಕೂಡದು, ಓಡಿದರೆ ಜೀವಮಾನವಿಡೀ ಕುಂಟಬೇಕಾದೀತು ಎಂದು ಚೀಟಿ ಬರೆದುಕೊಟ್ಟರು.

ಆದರೆ ಮಾರನೆಯ ದಿನ ವರ್ಷದ ಕೊನೆಯ ಪಂದ್ಯ. ಆಯ್ಕೆ ಸಮಿತಿಯವರು ನೋಡಲು ಬರುವವರಿದ್ದರು. ಪಾದರಸಳ ಅಪ್ಪ, ಅಂದರೆ ಕೂಗಜ್ಜನ ಅಳಿಯ, ಡ್ರೈವಿಂಗ್ ಕಲಿಸುವ ಮನುಷ್ಯ. ಪಕ್ಕದಲ್ಲಿ ಕೂತು ಇನ್ನೊಬ್ಬರ ಕಾಲಿಗೆ ಅಪ್ಪಣೆ ಕೊಡುವುದೇ ಅವನ ಜೀವನೋಪಾಯ. ಕೆಟ್ಟವನಲ್ಲ. ಮಗಳ ಮೇಲೆ ಜೀವ ಇಟ್ಟುಕೊಂಡಿದ್ದ, ಅದನ್ನು ಅವಳ ಕಾಲಿನಲ್ಲಿ ಇಟ್ಟುಕೊಂಡಿದ್ದ, ಅಷ್ಟೇ. “ಊತ ಅಲ್ಲ ಮಾವ, ಅದು ಸ್ನಾಯು ಬೆಳೀತಿರೋದು,” ಅಂದ.

ಭಾನುವಾರ ಬೆಳಿಗ್ಗೆ ಕೂಗಜ್ಜ ಒಯ್ದುಕೊಟ್ಟ ಚೀಟಿಯನ್ನು ಕೋಚ್ ಮುಟ್ಟಲಿಲ್ಲ. ಕ್ಲಬ್ಬಿನ ವೈದ್ಯಾಧಿಕಾರಿಗಳ ಸರ್ಟಿಫಿಕೇಟು ಮಾತ್ರ ನಡೆಯುತ್ತದಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕ್ಲಬ್ಬಿನ ವೈದ್ಯಾಧಿಕಾರಿಗಳೆಂದರೆ ಹಲ್ಲಿನ ಡಾಕ್ಟರಾದ ಕಾರ್ಯದರ್ಶಿಗಳೇ. ಅವರು ಹುಡುಗಿಯನ್ನು ಬೆಳಕಿಗೆ ನಿಲ್ಲಿಸಿ, ಬಾಯಿ ತೆರೆಸಿ, ಎಲ್ಲ ಹಲ್ಲುಗಳನ್ನೂ ಎಣಿಸಿ ‘ಆಡಲು ಅಡ್ಡಿಯಿಲ್ಲ’ ಎಂದು ಬರೆದು ರುಜು ಹಾಕಿದರು.

ಪಂದ್ಯ ಶುರುವಾಯಿತು. ಪಾದರಸ ಓಡಿದಳು. ಓಡುವಾಗ ಬಲಗಾಲು ಒಂದು ಕ್ಷಣ ತಡವಾಗಿ ಬರುತ್ತಿತ್ತು. ಅದನ್ನು ಕಂಡವರು ಇಬ್ಬರು: ಮೇಜಿನ ಹಿಂದಿದ್ದ ಅಜ್ಜ, ಮತ್ತು ಕಂಡರೂ ಕಾಣದಂತೆ ನಿಂತಿದ್ದ ಅಪ್ಪ. ಹತ್ತನೇ ನಿಮಿಷಕ್ಕೆ ಪೆಟ್ಟಿಗೆ ತೆರೆಯುವ ನಿಯಮ. ಅದರಲ್ಲಿ ಒಂದೇ ಒಂದು ಕಾಗದವಿತ್ತು. ನಮೂನೆ ಕೂ-7, ಪೆನ್ಸಿಲ್ ಬರಹ.

‘ನನ್ನ ಮಂಡಿ ತುಂಬಾ ನೋಯ್ತಿದೆ. ಇವತ್ತು ಆಡಕ್ಕಾಗಲ್ಲ. ನಮ್ಮಪ್ಪ ಬೇಜಾರು ಮಾಡ್ಕೋಬಾರದು ಅಂತ ಯಾರಾದ್ರೂ ಹೇಳಿ. ನಂಬರ್ 11.’

ಕೂಗಜ್ಜ ಎರಡು ಸಲ ಓದಿದರು. ಆಮೇಲೆ ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು, ಹನ್ನೊಂದನೇ ನಂಬರಿನವರು ಹಾಜರಾಗಬೇಕು ಎಂದು ಕೂಗಿದರು. ರೆಫರಿ ಸೀಟಿ ಊದಿ ಆಟ ನಿಲ್ಲಿಸಿದ. ಪಾದರಸ ಕೋಚ್ ಮುಖ ನೋಡಿದಳು. ಕೋಚ್ ಆಕಾಶ ನೋಡಿದ. ಅಜ್ಜ ಎರಡನೆಯ ಸಲ ಕೂಗಿದರು. ಹುಡುಗಿ ಗೆರೆಯ ತನಕ ಕುಂಟುತ್ತ ಬಂದು, ಸುಣ್ಣಕ್ಕೆ ಒಂದು ಗೇಣು ಹಿಂದೆ ನಿಂತಳು.

ಕೋರ್ಟಿನಲ್ಲಿದ್ದಾಗ ಒಮ್ಮೆ, ಮೂರನೇ ಮಹಡಿಯಲ್ಲಿ ನಿಂತು ಒಬ್ಬ ಹೆಂಗಸಿನ ಹೆಸರನ್ನು ಮೂರನೆಯ ಸಲ ಕೂಗುವಾಗ, ಅವಳು ಮೆಟ್ಟಿಲು ಹತ್ತಿ ಓಡಿ ಬರುತ್ತಿದ್ದ ಸದ್ದು ಅವರ ಕಿವಿಗೆ ಬಿದ್ದಿತ್ತು. ಆದರೂ ಕೂಗಿ ಮುಗಿಸಿದ್ದರು. ಅವಳು ಬಾಗಿಲಿಗೆ ಬರುವಷ್ಟರಲ್ಲಿ ಕಡತ ಮುಚ್ಚಿತ್ತು. ಅವಳು ಬೈಯಲಿಲ್ಲ, ಏದುಸಿರಿನಲ್ಲಿ ‘ಬಂದೆನಲ್ಲ’ ಅಂದಳು, ಅಷ್ಟೇ. ನಿವೃತ್ತಿಯ ದಿನ ಹಾರ ಹಾಕಿಸಿಕೊಳ್ಳುವಾಗಲೂ ಕೂಗಜ್ಜನಿಗೆ ಅದೇ ನೆನಪಾಗಿ ನಾಚಿಕೆಯಾಗಿತ್ತು. ಈಗಲೂ ಆಯಿತು.

ಅವರು ಕುರ್ಚಿಯಲ್ಲಿ ಕೂತುಕೊಂಡರು.

ಮೈದಾನ ಕಾಯಿತು. ಎರಡು ನಿಮಿಷ ಕಳೆಯಿತು, ಐದಾಯಿತು. ಕಾರ್ಯದರ್ಶಿಗಳು ನಡೆದು ಬಂದರು.

“ಯಜಮಾನ್ರೇ, ಮೂರನೇದು ಕೂಗಿ.”

“ಕೂಗ್ತೀನಿ ಸ್ವಾಮಿ.”

“ಯಾವಾಗ?”

“ಯಾವಾಗ ಕೂಗಬೇಕು ಅಂತ ನಿಯಮದಲ್ಲಿ ಬರೆದಿದ್ರೆ ತೋರಿಸಿ, ಆಗಲೇ ಕೂಗ್ತೀನಿ.”

ಕಾರ್ಯದರ್ಶಿಗಳು ನಲವತ್ತೊಂದು ಪುಟಗಳನ್ನೂ ತಿರುವಿ ಹಾಕಿದರು. ಎಷ್ಟು ಸಲ ಕೂಗಬೇಕು, ಯಾವ ದಿಕ್ಕಿಗೆ ಮುಖ ಮಾಡಬೇಕು, ಕೆಮ್ಮು ಬಂದರೆ ಅದು ಕೂಗಿನ ಲೆಕ್ಕಕ್ಕೆ ಸೇರುತ್ತದೆಯೇ ಇಲ್ಲವೇ, ಎಲ್ಲವೂ ಇತ್ತು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಎಷ್ಟು ಹೊತ್ತು ಎಂಬುದೊಂದು ಇರಲಿಲ್ಲ. ಬೇರೆಯವರಿಂದ ಕೂಗಿಸೋಣವೆಂದರೆ, ಶುರುವಾದ ಕೂಗನ್ನು ಶುರು ಮಾಡಿದವರೇ ಮುಗಿಸತಕ್ಕದ್ದು ಎಂದು ಹದಿನೆಂಟನೇ ಪುಟ ಹೇಳುತ್ತಿತ್ತು. ಆ ಸಾಲನ್ನು ಸ್ವತಃ ತಾವೇ ಬರೆದಿದ್ದರು. ಅದರ ಭಾಷೆ ಅವರಿಗೆ ಈಗಲೂ ಹಿಡಿಸಿತು.

ಅಷ್ಟರಲ್ಲಿ ಮಕ್ಕಳು ನಿಂತು ನಿಂತು ಸಾಕಾಗಿ ಹುಲ್ಲಿನ ಮೇಲೆ ಕೂತರು. ಪಾದರಸಳೂ ಕೂತು ಬಲಗಾಲನ್ನು ಉದ್ದಕ್ಕೆ ಚಾಚಿಕೊಂಡಳು. ಅಳಿಯ ಮೇಜಿನ ಹತ್ತಿರ ಬಂದ. ಕೈಯಲ್ಲಿ ಭರ್ತಿ ಮಾಡಿದ ಕೂ-1 ಇತ್ತು. ಈಗಿನ ಕೂಗು ಮುಗಿಯದೆ ಹೊಸ ಕೂಗು ತೆಗೆದುಕೊಳ್ಳಲು ಬರುವುದಿಲ್ಲ ಎಂದು ಮಾವ ವಿನಯದಿಂದ ತಿಳಿಸಿದರು.

“ಅಲ್ಲ ಮಾವ, ಅದು ನಮ್ಮನೆ ಮಗು,” ಅಂದ ಅಳಿಯ.

“ಅದಕ್ಕೇ ಅಳಿಯಂದ್ರೇ,” ಅಂದು ಕೂಗಜ್ಜ ಪೆನ್ಸಿಲ್ ಬರಹದ ಕಾಗದವನ್ನು ಅವನ ಮುಂದೆ ಸರಿಸಿದರು.

ಅವನು ನಿಂತೇ ಓದಿದ. ಮೂರನೆಯ ಸಾಲಿಗೆ ಬಂದಾಗ ಕೈಯಲ್ಲಿದ್ದ ಕೂ-1 ಮಡಿಸಿ ಮಡಿಸಿ ಗುಳಿಗೆಯಷ್ಟು ಸಣ್ಣದಾಯಿತು.

“ಇದನ್ನ ನನ್ನ ಹತ್ರಾನೇ ಹೇಳ್ಬಹುದಿತ್ತಲ್ಲ ಅವಳು?”

“ನಿಮಗೆ ಕೇಳಿಸೋ ಹಾಗೆ ಹೇಳೋದಕ್ಕೆ ನಮೂನೆ ಬೇಕಾಯ್ತು, ಏನ್ಮಾಡೋದು.”

ಅಳಿಯ ಹೋಗಿ ಗೆರೆಯ ಈಚೆ, ಮಗಳ ಎದುರಿಗೆ, ನೆಲದ ಮೇಲೆ ಕೂತ. ನೀರಿನ ಬಾಟಲಿಯನ್ನು ಗೆರೆಯಾಚೆಗೆ ಉರುಳಿಸಿದ. ಬಾಟಲಿ ಗೆರೆ ದಾಟಬಾರದೆಂದು ಎಲ್ಲೂ ಬರೆದಿರಲಿಲ್ಲ.

ಆ ದಿನ ಕತ್ತಲಾಗುವ ಮೊದಲು ರೆಫರಿ ಪಂದ್ಯವನ್ನು ಮುಂದಿನ ಭಾನುವಾರಕ್ಕೆ ಮುಂದೂಡಿದ. ಪಂದ್ಯ ಇನ್ನೂ ನಡೆಯುತ್ತಿದೆಯಾದ್ದರಿಂದ ಮುಂದಿನ ಭಾನುವಾರ ಎಲ್ಲರೂ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಅದರ ಮುಂದಿನ ವಾರವೂ. ಚೆಂಡನ್ನು ಮೊಹರು ಮಾಡಿ ಕಪಾಟಿನಲ್ಲಿಡಲಾಯಿತು. ಆಯ್ಕೆ ಸಮಿತಿಯವರು ಶಿಸ್ತಾಗಿ ಕೂರುವುದರಲ್ಲಿ ಇಬ್ಬರನ್ನು ಆಯ್ದುಕೊಂಡರು. ಕೂಗು ಬಾಕಿಯಿದ್ದ ಕಾರಣ ಬೇರೆ ಕೂಗುಗಳಿಗೆ ಅವಕಾಶವಿರಲಿಲ್ಲ, ಪಾಲಕರು ಮೌನವಾಗಿದ್ದರು. ಮೂರನೇ ವಾರಕ್ಕೆ ಒಕ್ಕೂಟದಿಂದ ತಪಾಸಣೆಗೆ ಬಂದವರು ಇದನ್ನೆಲ್ಲ ಕಂಡು ದಂಗಾದರು. ಗಾಯ ಸೊನ್ನೆ, ಕೂಗಾಟ ಸೊನ್ನೆ, ಅಳುವ ಮಕ್ಕಳು ಸೊನ್ನೆ. ಮಕ್ಕಳ ಹಿತರಕ್ಷಣೆಗಾಗಿ ಆ ವರ್ಷದ ಬಹುಮಾನದ ಢಾಲು ಈ ಕ್ಲಬ್ಬಿಗೇ ಬಂತು. ಪ್ರತಿ ಕ್ಲಬ್ಬೂ ಒಂದು ಕೂಗನ್ನು ಸದಾ ಬಾಕಿ ಇಟ್ಟುಕೊಳ್ಳತಕ್ಕದ್ದು ಎಂದು ಹೊಸ ಸುತ್ತೋಲೆ ಹೊರಟಿತು.

ನಾಲ್ಕನೇ ಭಾನುವಾರ ಪಾದರಸ ಅಜ್ಜನ ಮುಂದೆ ಮಂಡಿ ಮಡಿಸಿ, ಬಿಡಿಸಿ, ಎರಡು ಸಲ ಕುಪ್ಪಳಿಸಿ ತೋರಿಸಿದಳು. “ವಾಸಿಯಾಯ್ತಜ್ಜ. ಈಗ ಕೂಗು, ಆಡ್ತೀನಿ,” ಅಂದಳು.

ಕೂಗಜ್ಜ ಸಂತೋಷದಿಂದ ಎದ್ದು ಬಾಯಿ ತೆರೆಯುವಷ್ಟರಲ್ಲಿ ಕಾರ್ಯದರ್ಶಿಗಳು ಓಡೋಡಿ ಬಂದು ಅಡ್ಡ ನಿಂತರು. ಮೂರನೆಯ ಕೂಗಿಗೆ ಇನ್ನು ಮುಂದೆ ಒಕ್ಕೂಟದ ಪೂರ್ವಾನುಮತಿ ಬೇಕು. ಢಾಲು ಬಂದಿರುವುದು ಆ ಕೂಗು ಬಾಕಿ ಇರುವುದಕ್ಕೆ. ಆಡಬೇಕೆಂಬ ಆಸೆಯಿದ್ದರೆ ಮಗು ಹೊಸದಾಗಿ ಕೂ-7 ಸಲ್ಲಿಸಬಹುದು. ಹಳೆಯದು ಇತ್ಯರ್ಥವಾದ ಕೂಡಲೇ ಅದನ್ನು ಪರಿಶೀಲಿಸಲಾಗುವುದು. ಕೋಚ್ ಹೌದೆಂದ. ಪಾಲಕರೂ ಯೋಚಿಸಿ ನೋಡಿ, ಇಷ್ಟು ಒಳ್ಳೆಯ ಪಂದ್ಯವನ್ನು ಈಗೇಕೆ ಕೆಡಿಸುವುದು ಎಂದರು.

ಪಾದರಸ ಕಾಲುಚೀಲ ಬಿಚ್ಚಿ ಸುತ್ತತೊಡಗಿದಳು. ಎದುರು ತಂಡದ ಗೋಲಿನ ಹುಡುಗಿ ತನ್ನದನ್ನೂ ಬಿಚ್ಚಿ ಕೊಟ್ಟಳು. ಹನ್ನೆರಡು ಕಾಲುಚೀಲ ಸೇರಿ ಒಂದು ಚೆಂಡಾಯಿತು. ಮಕ್ಕಳು ಒಬ್ಬೊಬ್ಬರಾಗಿ ಉಗ್ರಾಣದ ಹಿಂದಿನ ಕಲ್ಲುಮಣ್ಣಿನ ಜಾಗಕ್ಕೆ ಹೋದರು. ಅದು ಕ್ಲಬ್ಬಿನ ನಕ್ಷೆಯಲ್ಲಿ ಇಲ್ಲದ್ದರಿಂದ ಅಲ್ಲಿ ನಡೆಯುವುದು ಕ್ರೀಡೆಯಲ್ಲವೆಂದು ಕಾರ್ಯದರ್ಶಿಗಳು ತೀರ್ಮಾನಿಸಿದರು. ಅಳಿಯ ಗೋಡೆಗೆ ಒರಗಿ, ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದ. ಕೂಗುವ ಅಭ್ಯಾಸ ಬಲವಾದದ್ದು.

ಕೂಗಜ್ಜ ಮೇಜಿನ ಹಿಂದೆ ಒಬ್ಬರೇ ಕೂತಿದ್ದರು. ಉಗ್ರಾಣದ ಹಿಂದಿನಿಂದ ಪಾದರಸ ಕೂಗಿದಳು: “ಅಜ್ಜಾ, ನಮ್ ಕಡೆ ಒಬ್ರು ಕಮ್ಮಿ, ಬಾ.”

ಒಂದೇ ಕೂಗಿಗೆ ಅಜ್ಜ ಎದ್ದು ಹೋದರು.

ಮೈದಾನದಲ್ಲಿ ಪಂದ್ಯ ನಡೆಯುತ್ತಲೇ ಇತ್ತು.