ಮೋಟಾರು ಕಟ್ಟಿದ ಕಡೆಗೋಲು

"ಇಂದು ಈ ಅಡುಗೆಮನೆಯಲ್ಲಿ ವಿಜ್ಞಾನವು ಬೆಣ್ಣೆಯಾಗಿ ಅವತರಿಸಲಿದೆ!" ಎಂದು ಹಯವದನರು ಘೋಷಿಸಿದರು. ವಿಶ್ವವಿದ್ಯಾಲಯದಲ್ಲಿ ನೀರಿನ ಸುಳಿಗಳ ಪಾಠ ಹೇಳುವ ಅವರಿಗೆ ಕಾಶಿಯ ಬಂಗಾಲಿ ಟೋಲಾದ ಬಾಡಿಗೆ ಮನೆಯೊಳಗೆ ಮಾತ್ರ ಒಬ್ಬ ಶಿಷ್ಯನೂ ಸಿಕ್ಕಿರಲಿಲ್ಲ.

"ಇಷ್ಟು ವರ್ಷ ಸುಳಿ ಸುಳಿ ಅಂದ್ರಿ. ಅದರಿಂದ ಒಂದು ಬಟ್ಟಲು ಬೆಣ್ಣೆ ಬಂತಾ?" ಎಂದು ಹೆಂಡತಿ ವಸಂತಾ ಕೇಳಿಬಿಟ್ಟಿದ್ದರು. ಆ ಮಾತು ನಾಟಿತ್ತು. ಮಧ್ಯಾಹ್ನ ಮಠದ ಶಿವಮೂರ್ತಯ್ಯನವರು ಹೋಳಿಗೆ ಊಟಕ್ಕೆ ಬರುವವರಿದ್ದರು. ತುಪ್ಪಕ್ಕೆ ಬೆಣ್ಣೆ ತೆಗೆಯುವ ಭಾರವನ್ನು ಹಯವದನರು ಹಟ ಹಿಡಿದು ಹೊತ್ತರು.

ಕಡೆಗೋಲಿಗೆ ಮೋಟಾರು ಕಟ್ಟಿ ಗುಂಡಿ ಒತ್ತಿದರೆ, ಮೊಸರೆಲ್ಲ ಒಂದೇ ಮುದ್ದೆಯಾಗಿ ಗರಗರ ಸುತ್ತಿತೇ ಹೊರತು ಬೆಣ್ಣೆ ಕಾಣಲಿಲ್ಲ.

"ರೀ, ಮೊಸರು ಪ್ರದಕ್ಷಿಣೆ ಹಾಕ್ತಿದೆ!"

"ದೊಡ್ಡ ಸುಳಿ ಒಡೆದು ಚಿಕ್ಕದಾಗಬೇಕು, ಚಿಕ್ಕದು ಇನ್ನೂ ಚಿಕ್ಕದಾಗಬೇಕು. ಶಕ್ತಿ ಹಾಗೆ ಕೈಬದಲಾಗ್ತಾ ಇಳಿಯುತ್ತೆ. ಪಾತ್ರೆಯ ಗೋಡೆ ಪಕ್ಕದಲ್ಲಂತೂ ಪುಟ್ಟ ಸುಳಿಗಳೇ ಹುಟ್ಟಿ ಬೆಳೆದು ದೊಡ್ಡದಕ್ಕೂ ಶಕ್ತಿ ಕೊಡ್ತವೆ. ಗಲಾಟೆಯೆಲ್ಲ ಗೋಡೆ ಪಕ್ಕದ್ದೇ!"

"ನಮ್ಮ ಗಲ್ಲಿಯ ಹಾಗೆ ಅನ್ನಿ."

ಹಯವದನರು ದೊಡ್ಡ ಸುಳಿಯನ್ನು ಒಡೆಯಲೆಂದು ಪಾತ್ರೆಯ ಒಳಗೋಡೆಗೆ ಬಿದಿರ ಪಟ್ಟಿಗಳನ್ನು ಬಿಗಿದು ಮತ್ತೆ ಗುಂಡಿ ಒತ್ತಿದರು. ಸಮುದ್ರಮಥನವೇ ಆಗಿಹೋಯಿತು! ಮೊಸರು ಮೊದಲು ಅವರ ಕನ್ನಡಕಕ್ಕೆ, ಆಮೇಲೆ ಕ್ಯಾಲೆಂಡರಿಗೆ, ಕೊನೆಗೆ ಸೂರಿಗೆ ಹಾರಿತು. ಕಿಟಕಿಯ ಆಚೆ ಒಂದು ಕೋತಿ ಕಂಬಿಗಳನ್ನು ಶ್ರದ್ಧೆಯಿಂದ ನೆಕ್ಕತೊಡಗಿತು. ಆದರೆ ಪಾತ್ರೆಯಲ್ಲಿ ಬೆಣ್ಣೆ ತೇಲಿತು!

"ಅಬ್ಬಾ! ನಿಜವಾಗ್ಲೂ ಬಂತಲ್ಲ!" ಎಂದರು ವಸಂತಾ.

ಅಲ್ಲಿಗೆ ನಿಲ್ಲಿಸಿದ್ದರೆ ಇತಿಹಾಸವಾಗುತ್ತಿತ್ತು. ಅಷ್ಟರಲ್ಲಿ ಶಿವಮೂರ್ತಯ್ಯನವರು ಬಂದರು. "ಬನ್ನಿ ಅಯ್ಯನವರೇ, ನೋಡಿ!" ಎಂದು ಹಯವದನರು ಮತ್ತೆ ಮೋಟಾರು ಓಡಿಸಿದರು. ಉಪನ್ಯಾಸ ಬೆಳೆಯಿತು, ಮೋಟಾರು ತಿರುಗುತ್ತಲೇ ಇತ್ತು. ಮೊದಲೇ ಕಾಶಿಯ ಜೂನ್ ಬೇಗೆ!

"ರೀ, ಬೆಣ್ಣೆ ಎಲ್ಲಿ?"

ಹಯವದನರು ಇಣುಕಿದರು. ಎಣ್ಣೆಯಂಥ ಪದರವೊಂದೇ ಮಿನುಗುತ್ತಿತ್ತು.

"ಅತಿ ಚಿಕ್ಕ ಸುಳಿಗಳ ಶಕ್ತಿ ಕೊನೆಗೆ ಬಿಸಿಯಾಗುತ್ತೆ," ಎಂದರು ಮೆಲ್ಲಗೆ. "ಬೆಣ್ಣೆ ಕರಗಿತು. ಆದರೆ ಸಿದ್ಧಾಂತ ಗಟ್ಟಿಯಾಯ್ತು!"

ವಸಂತಾ ಇಬ್ಬರನ್ನೂ ಜಗಲಿಗೆ ಕಳಿಸಿದರು. ಪಾತ್ರೆಗೆ ಐಸ್ ನೀರು ಸುರಿದು ಕೈಯಲ್ಲೇ ಬೆಣ್ಣೆಯನ್ನು ಮತ್ತೆ ಕೂಡಿಸಿ, ಕಾಯಿಸಿ, ಹೋಳಿಗೆಯ ಮೇಲೆ ಘಮಘಮ ತುಪ್ಪ ಬಡಿಸಿದರು.

"ತಾಯಿ, ಕಾಶಿಗೆ ಬಂದಮೇಲೆ ಇಂಥ ತುಪ್ಪ ಉಂಡಿರಲಿಲ್ಲ! ಇದರ ಗುಟ್ಟೇನು?" ಎಂದರು ಅಯ್ಯನವರು.

ಹಯವದನರು ಎದೆಯುಬ್ಬಿಸಿ ಗಂಟಲು ಸರಿಮಾಡಿಕೊಂಡರು.

"ಗುಟ್ಟೇನೂ ಇಲ್ಲ ಅಯ್ಯನವರೇ," ವಸಂತಾ ಇನ್ನೊಂದು ಮಿಳ್ಳೆ ತುಪ್ಪ ಸುರಿದರು. "ಬೆಣ್ಣೆ ಕಂಡ ಕೂಡಲೇ ವಿಜ್ಞಾನಿಯನ್ನು ಅಡುಗೆಮನೆಯಿಂದ ಆಚೆ ಹಾಕಬೇಕು!"