ಭಾವನ ಅಲ್ಲಾಡುವ ಕ್ಯಾರವಾನ್

ನಮ್ಮ ಭಾವ ಕೈಹಿಡಿದದ್ದು ನಮ್ಮ ಅಕ್ಕನನ್ನಲ್ಲ, ತೂಕದ ಕೊಕ್ಕೆಯನ್ನು! ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗಲು ಗಲ್ಫಿನ ಪ್ರತಿ ಮನೆಯಲ್ಲೂ ಒಂದು ಕೊಕ್ಕೆ ಇರುತ್ತದೆ. ನಾವೆಲ್ಲ ಅದನ್ನು ವರ್ಷಕ್ಕೊಮ್ಮೆ ಹೊರತೆಗೆದರೆ ಭಾವ ದಿನಾ ತೆಗೆಯುತ್ತಿದ್ದರು. ನೀರಿನ ಕ್ಯಾನು, ಇಡ್ಲಿ ಪಾತ್ರೆ, ಒಮ್ಮೆ ನನ್ನ ಬೂಟು ಕೂಡ ಅದಕ್ಕೆ ನೇತಾಡಿತು. ಯಾಕೆ ಅಂತೀರಾ? ಅಲ್ ಬರ್ಷಾದ ಬಾಡಿಗೆ ಮನೆಯಲ್ಲಿದ್ದುಕೊಂಡು ಅವರೊಂದು ಹಳೆಯ ಕ್ಯಾರವಾನ್ ಕೊಂಡಿದ್ದರು. ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆ.

ಮೊದಲ ಸವಾರಿ ಅಬುಧಾಬಿಯ ಕಡಲಿಗೆ. ಊರಿಗೆ ಕಾರ್ಗೋ ಪೆಟ್ಟಿಗೆ ತುಂಬಿ ಅಭ್ಯಾಸವಾದ ಭಾವ, ಭಾರವಾದದ್ದನ್ನೆಲ್ಲ ಮೂಲೆಗೆ ಒತ್ತಿ ತುಂಬಿದರು. ಅಕ್ಕಿ, ಗ್ರೈಂಡರ್, ಗ್ಯಾಸು ಎಲ್ಲ ಹಿಂದಿನ ತುದಿಗೆ! ಹೈವೇಯಲ್ಲಿ ವೇಗ ಏರಿದ್ದೇ ತಡ, ಕ್ಯಾರವಾನ್ ಬಾಲ ಬೀಸತೊಡಗಿತು, ಕಾರೂ ಜೊತೆಗೆ ಕುಣಿಯಿತು. ಮುಂದಿನ ಸೀಟಿನಲ್ಲಿದ್ದ ಅಕ್ಕನ ಜೀವ ಬಾಯಿಗೆ ಬಂತು. ಗಾಡಿ ನಿಂತ ಮೇಲೆ ಅವಳು ಹೇಳಿದ್ದು ಒಂದೇ ಮಾತು.

"ಇದು ಅಲ್ಲಾಡುದು ನಿಲ್ಲುವವರೆಗೆ ನಾನು ಬರುದಿಲ್ಲ."

ಅಲ್ಲಿಂದ ಭಾವನ ತಪಸ್ಸು ಶುರು. ರಜೆ ಬಂದರೆ ರಾಸ್ ಅಲ್ ಖೋರ್‌ನ ಗ್ಯಾರೇಜುಗಳು. ಅಲ್ಲಾಟ ತಡೆಯಲು ಒಂದು ಸರಳು ಸಾಕು ಎಂದವರೊಡನೆಲ್ಲ ಜಗಳ. ಕಾರಿಗೆ ಕ್ಯಾರವಾನ್ ಕಟ್ಟುವ ಕೊಂಡಿಯ ಮೇಲೆ ಬಿದ್ದ ಭಾರವನ್ನು ಕಾರಿನ ಮುಂದಿನ ಚಕ್ರಗಳಿಗೂ ಹಂಚುವ ಜೋಡಿ ಸರಳೇ ಬೇಕಂತೆ, ಅಲ್ಲಾಟವನ್ನೂ ಅದೇ ಹಿಡಿಯಬೇಕಂತೆ. ಕೊನೆಗೆ ಅದನ್ನೇ ಹಾಕಿಸಿದರು. ಅಷ್ಟರಲ್ಲಿ ಅಕ್ಕ ಆಸ್ಪತ್ರೆ ಸೇರಿದಳು. ಅವಳ ಮಂಚದ ಪಕ್ಕ ಕೂತು ಈ ಮಹಾನುಭಾವರು ಆಡಿದ ಮಾತೇನು? ಕೊಂಡಿಯ ಮೇಲೆ ಎಷ್ಟು ಭಾರ, ಹಿಂದೆ ಎಷ್ಟು! ಅಕ್ಕನ ತೂಕ ಇಳಿದಿದೆ ಎಂದು ನರ್ಸ್ ಹೇಳಿದರೆ, ಅದು ಹೇಗಾಗುತ್ತದೆ, ಹಳೇ ತೂಕಕ್ಕೇ ಸರಳು ಬಿಗಿ ಮಾಡಿಸಿದ್ದೇನೆ ಎಂದು ಆ ನರ್ಸ್ ಮೇಲೆಯೇ ರೇಗಿದರು. ಅಕ್ಕ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಅವಳು ಆ ಮಂಚದಿಂದ ಮತ್ತೆ ಏಳಲಿಲ್ಲ. ಭಾವ ಅಳಲೂ ಇಲ್ಲ. ಆ ಒಣಗಣ್ಣನ್ನು ನಾನು ಕ್ಷಮಿಸಲಿಲ್ಲ.

ಕಳೆದ ವಾರ ಫೋನ್ ಮಾಡಿ, ಒಂದು ರೌಂಡ್ ಹೋಗಿ ಬರುವ ಎಂದರು. ಜಗಳವಾಡಲೆಂದೇ ಹೋದೆ. ನೋಡಿದರೆ ಮುಂದಿನ ಸೀಟಿನಲ್ಲಿ ಅಕ್ಕಿ ಮೂಟೆಗಳು, ಬೆಲ್ಟು ಬೇರೆ ಹಾಕಿಕೊಂಡು! ಇದೆಂತ ಅವತಾರ ಎಂದು ಕೇಳಿದೆ.

"ಅವಳ ತೂಕ ಸೇರಿಸಿಯೇ ಹೊಂದಿಸಿದ್ದು ಮಾರಾಯ" ಎಂದರು ಭಾವ. "ಕಾಯಿಲೆಗೆ ಮೊದಲಿನ ತೂಕ. ಅವಳಿಲ್ಲದೆ ಸಮ ಬರುದಿಲ್ಲ."

ತೂಕದ ಕೊಕ್ಕೆ ಇನ್ನೂ ಅವರ ಕೈಯಲ್ಲೇ ಇತ್ತು. ತಂದಿದ್ದ ಬೈಗುಳವನ್ನೆಲ್ಲ ನುಂಗಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಹೈವೇಯಲ್ಲಿ ವೇಗ ಏರಿತು. ಕ್ಯಾರವಾನ್ ಒಂದಿಷ್ಟೂ ಓಲಾಡದೆ ನಮ್ಮ ಹಿಂದೆ ನೆಟ್ಟಗೆ ಬಂತು. ಭಾವ ಕನ್ನಡಿ ನೋಡಿದರು. ಆಮೇಲೆ ಬಲಗೈಯನ್ನು ಮೂಟೆಯ ಮೇಲಿಟ್ಟರು.

"ನೋಡು, ಈಗ ಅಲ್ಲಾಡುದಿಲ್ಲ. ಇನ್ನಾದರೂ ಬರ್ತೀಯಲ್ಲ?"

ಅವರು ಕೇಳಿದ್ದು ನನ್ನನ್ನಲ್ಲ. ಆದರೂ ಹಿಂದಿನ ಸೀಟಿನಿಂದ ನಾನೇ "ಹೂಂ" ಎಂದೆ.