ಅರ್ಧ ಲೋಟದ ಸ್ವಾತಂತ್ರ್ಯ

ಮನುಷ್ಯನಿಗೆ ಸ್ವಾತಂತ್ರ್ಯದ ಆಸೆ ಯಾವ ವಯಸ್ಸಿನಲ್ಲಿ ಹುಟ್ಟುತ್ತದೆ ಎಂದು ಹೇಳುವುದು ಕಷ್ಟ. ಕೆಲವರಿಗೆ ಕಾಲೇಜಿನಲ್ಲಿ ಹುಟ್ಟಿ ಮದುವೆಯಾದ ಮೇಲೆ ಹೋಗುತ್ತದೆ. ನನಗೆ ಐವತ್ತು ಹತ್ತಿರವಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಮುದ್ದೆ ಉಂಡು ಚಾಪೆಯ ಮೇಲೆ ಅಡ್ಡಾಗಿದ್ದಾಗ ಹುಟ್ಟಿತು. ಮೊಬೈಲಿನಲ್ಲಿ ಈರುಳ್ಳಿ ಧಾರಣೆ ನೋಡಲು ಹೋದವನಿಗೆ ಅದರ ಕೆಳಗೇ ಒಬ್ಬ ಗಡ್ಡದ ಹುಡುಗ ಸಿಕ್ಕಿದ. ನನಗೆ ಈರುಳ್ಳಿ ಬೆಳೆಯೂ ಇಲ್ಲ, ಬಾಗೂರಿನ ಹೊಲವನ್ನು ಅಣ್ಣ ನೋಡಿಕೊಳ್ಳುತ್ತಾನೆ; ಆದರೂ ಧಾರಣೆ ನೋಡುವುದು ನಮ್ಮ ಕಡೆಯವರಿಗೆ ರೂಢಿ. ಹುಡುಗ ನೇರವಾಗಿ ನನ್ನನ್ನೇ ನೋಡುತ್ತಾ, "ನೀವು ದುಡ್ಡಿಗಾಗಿ ದುಡಿಯುತ್ತಿದ್ದೀರೋ, ನಿಮ್ಮ ದುಡ್ಡು ನಿಮಗಾಗಿ ದುಡಿಯುತ್ತಿದೆಯೋ?" ಎಂದು ಕೇಳಿದ. ನಾನು ಆ ಹೊತ್ತಿಗೆ ದುಡಿಯುತ್ತಿರಲಿಲ್ಲ, ಮಲಗಿದ್ದೆ. ನನ್ನ ದುಡ್ಡು ಏನು ಮಾಡುತ್ತಿದೆ ಎಂದು ಯೋಚಿಸಿದೆ. ಅದೂ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ನನ್ನಂತೆಯೇ ಅಡ್ಡಾಗಿತ್ತು.

ಹುಡುಗ ಹೇಳಿದ್ದು ಇಷ್ಟು. ಖರ್ಚು ಕಡಿಮೆ ಮಾಡಬೇಕು, ಉಳಿದದ್ದನ್ನು ತಿಂಗಳು ತಿಂಗಳು ಹೂಡಬೇಕು, ಅದು ಬೆಳೆದು ಮರವಾದ ಮೇಲೆ ನೌಕರಿಗೆ ಕೈಮುಗಿದು ನೆರಳಿನಲ್ಲಿ ಕೂರಬೇಕು. ಇದಕ್ಕೆ ಆರ್ಥಿಕ ಸ್ವಾತಂತ್ರ್ಯ ಎಂದು ಹೆಸರು. ನಾನು ಹೊಸದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಆವಕ ವಿಭಾಗದ ಗುಮಾಸ್ತ. ಬಂದ ಅರ್ಜಿಗೆ ಮೊಹರು ಒತ್ತುವುದು ನನ್ನ ಕೆಲಸ. ಅದು ಮುಂದಕ್ಕೆ ಹೋಗುವುದು ಬಿಡುವುದು ಅದರ ಹಣೆಬರಹ. ಇಷ್ಟು ವರ್ಷ ಆ ಮೊಹರಿನ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಅದನ್ನು ಕೈಗೆತ್ತಿಕೊಂಡಾಗ ಮಾತ್ರ ಯಾಕೋ ಬೇಡಿಯ ಹಾಗೆ ಭಾರವಾಯಿತು.

ಹುಡುಗನ ಮಾತನ್ನು ನಾನು ಪೂರ್ತಿ ನಂಬಿದೆ. ಬ್ಯಾಂಕಿಗೆ ಹೋಗಿ ತಿಂಗಳ ಕಂತಿನ ಒಂದು ಹೂಡಿಕೆ ಶುರು ಮಾಡಿ ಬಂದೆ. ಮನೆಯಲ್ಲಿ ಏನೇ ಕೊಳ್ಳುವ ಮೊದಲು "ಇದು ನನಗೆ ನಿಜವಾಗಿ ಬೇಕೇ?" ಎಂದು ಮೂರು ಸಲ ಕೇಳಿಕೊಳ್ಳಬೇಕು ಎಂಬ ನಿಯಮ ಬಂತು. ಅವತ್ತು ಸಂಜೆ ಹೆಂಡತಿ ಗಿರಿಜ ಕೊತ್ತಂಬರಿ ಸೊಪ್ಪು ತರಲು ಕಳಿಸಿದಳು. ಸೊಪ್ಪಿನವಳ ಮುಂದೆ ನಿಂತು ಮೂರು ಸಲ ಕೇಳಿಕೊಂಡೆ. ಮೂರು ಸಲವೂ ಬೇಡ ಎಂದೇ ಉತ್ತರ ಬಂತು. ಬರಿಗೈಯಲ್ಲಿ ಮನೆಗೆ ಬಂದು ಕಾರಣ ವಿವರಿಸಿದೆ. ಗಿರಿಜ ಒಲೆಯ ಕಡೆಯಿಂದ ತಿರುಗದೆ, "ನಿಮಗೆ ಬ್ಯಾಡಾಗಿರಬೌದು, ಸಾರಿಗೆ ಬೇಕಾಗಿತ್ತು" ಎಂದಳು. ಸಂತೆ ಮುಗಿಯುವ ಹೊತ್ತಿಗೆ ಹೋದರೆ ತರಕಾರಿ ಅಗ್ಗ ಎಂದು ಮರುವಾರ ಕತ್ತಲಾಗುವಾಗ ಹೋದೆ. ಅಗ್ಗವಾಗಿಯೇ ಇತ್ತು. ಆದರೆ ಉಳಿದದ್ದು ಬರೀ ಹಾಗಲಕಾಯಿ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಮಾತುಕತೆ ಸ್ವಲ್ಪ ಕಡಿಮೆಯೇ ಇತ್ತು.

ಇಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧದ ಅಗತ್ಯವಿರಲಿಲ್ಲ. ಮುಂದಿನ ಭಾನುವಾರ ಗಡ್ಡದ ಹುಡುಗ ಟೀಯ ವಿಷಯ ಎತ್ತಿದ. ದಿನಾ ಹೊರಗೆ ಕುಡಿಯುವ ಒಂದು ಟೀಯ ದುಡ್ಡನ್ನು ಹೂಡುತ್ತಾ ಹೋದರೆ ಕೊನೆಗೆ ಒಂದು ಕಾರೇ ಬರುತ್ತದಂತೆ. ಅಂದರೆ ನಾವು ದಿನವೂ ಸ್ವಲ್ಪ ಸ್ವಲ್ಪವಾಗಿ ಒಂದು ಕಾರನ್ನು ಕುಡಿಯುತ್ತಿದ್ದೇವೆ ಎಂದ. ನಾನು ಎದ್ದು ಕೂತೆ. ನಾನು ಕುಡಿಯುವುದು ಬೈಟು, ಅಂದರೆ ಅರ್ಧ ಟೀ. ನನ್ನ ಪಾಲಿಗೆ ಅರ್ಧ ಕಾರು. ಅರ್ಧ ಕಾರು ಓಡುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಬೈಟು ಎಂದರೆ ಏನು ಎಂದು ಕನ್ನಡಿಗರಿಗೆ ಹೇಳಬೇಕಿಲ್ಲ. ಆದರೂ ನಮ್ಮದನ್ನು ಹೇಳುತ್ತೇನೆ. ನಮ್ಮದು ಎಂದರೆ ನನ್ನದು ಮತ್ತು ತಿಪ್ಪೇಸ್ವಾಮಿಯದು. ಅವನು ಜಾವಕ ವಿಭಾಗದ ಗುಮಾಸ್ತ; ನನ್ನ ಬಳಿ ಒಳಬಂದ ಕಾಗದ ಎಂದಾದರೂ ಹೊರಹೋಗುವುದಾದರೆ ಅವನ ಮೇಜಿನಿಂದ. ಒಂದೇ ವರ್ಷ ನೌಕರಿಗೆ ಸೇರಿದವರು ನಾವು. ಅಂದಿನಿಂದ ಬೆಳಿಗ್ಗೆ ಹನ್ನೊಂದಕ್ಕೆ ಬಸ್‌ಸ್ಟ್ಯಾಂಡ್ ಎದುರಿನ ನಾಗಣ್ಣನ ಹೋಟೆಲಿನಲ್ಲಿ ಗೋಡೆ ಪಕ್ಕದ ಮೇಜು. ಒಂದು ಟೀ, ಎರಡು ಲೋಟ. ಒಂದು ದಿನ ನನ್ನ ಪಾಳಿ, ಮರುದಿನ ಅವನದು. ಪೇಪರಿನ ಮುಂದಿನ ಹಾಳೆ ನನಗೆ, ಒಳಗಿನವು ಅವನಿಗೆ. ಶನಿವಾರ ಒಂದು ಪ್ಲೇಟು ಮಂಡಕ್ಕಿ, ಒಂದು ಮಿರ್ಚಿ. ಮಿರ್ಚಿ ಮುರಿದಾಗ ತೊಟ್ಟಿನ ಕಡೆಯದು ಅವನಿಗೆ, ಏಕೆಂದರೆ ನನಗೆ ಖಾರ ಆಗುವುದಿಲ್ಲ. ನಾವು ಅಲ್ಲಿ ದೊಡ್ಡ ಮಾತೇನೂ ಆಡುತ್ತಿರಲಿಲ್ಲ. ಎಷ್ಟೋ ದಿನ ಮಾತೇ ಇರುತ್ತಿರಲಿಲ್ಲ.

ಸೋಮವಾರ ಅವನಿಗೆ ಹೇಳಿದೆ. "ಲೇ, ನಾಳೆಯಿಂದ ನಾನು ಟೀ ಬಿಡ್ತೀನಿ ಕಣೋ."

"ಯಾಕೆ, ಶುಗರ್ ಬಂತಾ?"

"ಇಲ್ಲ, ಸ್ವಾತಂತ್ರ್ಯಕ್ಕೆ."

ಅವನು ಪೇಪರು ಕೆಳಗಿಟ್ಟ. "ಯಾರಿಂದ?" ಎಂದ. ಅದನ್ನು ಗಡ್ಡದ ಹುಡುಗ ಹೇಳಿರಲಿಲ್ಲ. ಅವನು ತನ್ನ ಲೋಟ ಖಾಲಿ ಮಾಡಿ, "ನೀನು ಬಿಟ್ರೆ ನನ್ನ ಕತೆ ಏನಪ್ಪ? ಪೂರ್ತಿ ಟೀ ಕುಡಿದ್ರೆ ನಂಗೆ ಮಧ್ಯಾನ ಮುದ್ದೆ ಇಳಿಯಲ್ಲ" ಎಂದ. ಇದು ನನ್ನ ಲೆಕ್ಕದಲ್ಲಿ ಬಂದಿರಲಿಲ್ಲ. ಅರ್ಧ ಟೀಯನ್ನು ಒಬ್ಬನೇ ಕೊಳ್ಳಲು ಬರುವುದಿಲ್ಲ. ಅದಕ್ಕೆ ಇನ್ನೊಬ್ಬ ಬೇಕೇ ಬೇಕು.

ಮಾರನೆಯ ದಿನ ಹನ್ನೊಂದಕ್ಕೆ ನಾನು ನೀರಿನ ಬಾಟಲಿ ಮುಂದಿಟ್ಟುಕೊಂಡು ಕಚೇರಿಯ ನನ್ನ ಮೇಜಿನಲ್ಲೇ ಕೂತೆ. ತಿಪ್ಪೇಸ್ವಾಮಿ ಒಬ್ಬನೇ ಹೋದ. ನಾಗಣ್ಣ ರೂಢಿಯಂತೆ ಎರಡು ಲೋಟ ತಂದಿಟ್ಟನಂತೆ. ಇವನು ಒಂದನ್ನು ಕುಡಿದು, ಎದುರಿನದನ್ನು ಆರಲು ಬಿಟ್ಟು, ಪೂರ್ತಿ ದುಡ್ಡು ಕೊಟ್ಟು ಬಂದನಂತೆ. ಎರಡನೆಯ ದಿನವೂ ಹಾಗೇ. ಮೂರನೆಯ ದಿನದ ಹೊತ್ತಿಗೆ ಊರು ಎಚ್ಚೆತ್ತಿತು.

ನಮ್ಮ ಕಡೆ ಬೈಟು ಶುರುವಾದದ್ದನ್ನು ಯಾರೂ ಗಮನಿಸುವುದಿಲ್ಲ. ಅದು ಮುರಿದದ್ದು ಮಾತ್ರ ಸಂಜೆ ಬಸ್ಸಿಗೇ ಶ್ರೀರಾಂಪುರ ಮುಟ್ಟುತ್ತದೆ. ಬಡ್ತಿಯ ವಿಷಯಕ್ಕೆ ಜಗಳ ಎಂದು ಕೆಲವರು, ಸೈಟಿನ ವಿಷಯಕ್ಕೆ ಎಂದು ಕೆಲವರು ಹೇಳಿದರು. ನಮ್ಮಿಬ್ಬರಿಗೂ ಬಡ್ತಿಯೂ ಇರಲಿಲ್ಲ, ಸೈಟೂ ಇರಲಿಲ್ಲ. ಸಾಹೇಬರು ಇಬ್ಬರನ್ನೂ ಕರೆದು, "ಏನಿದ್ರೂ ಕುಂತು ಮಾತಾಡ್ಕಳ್ರಿ. ಆವಕ ಜಾವಕ ಎರಡೂ ಮುನಿಸ್ಕಂಡ್ರೆ ಆಫೀಸು ನಡಿಯದು ಹೆಂಗೆ?" ಎಂದರು. ನಾವು ಮುನಿಸಿಕೊಂಡಿಲ್ಲ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಒಟ್ಟಿಗೇ ಹೇಳಿದ್ದರಿಂದ ಅವರಿಗೆ ಅನುಮಾನ ಗಟ್ಟಿಯಾಯಿತು.

ಜಗಳವಲ್ಲ, ಖರ್ಚು ಉಳಿಸುವುದಕ್ಕೆ ಬಿಟ್ಟದ್ದು ಎಂಬ ನಿಜವನ್ನು ನಾನು ಹೇಳಿದೆ. ಹೇಳಬಾರದಿತ್ತು. ಅರ್ಧ ಟೀಗೂ ಗತಿಯಿಲ್ಲದ ಸ್ಥಿತಿಗೆ ಬಂದಿದ್ದಾನೆ, ಮೊಬೈಲಿನಲ್ಲಿ ಇಸ್ಪೀಟು ಆಡಿ ಕಳೆದುಕೊಂಡಿರಬೇಕು ಎಂದು ಮಾತು ತಿರುಗಿತು. ಕತ್ತಲಾದ ಮೇಲೆ ಸಂತೆಯಲ್ಲಿ ಹಾಗಲಕಾಯಿ ಆರಿಸುತ್ತಿದ್ದದ್ದನ್ನು ಕಂಡವರು ಇದ್ದರು. ಸುದ್ದಿ ಚಿತ್ರದುರ್ಗ ದಾಟಿ ತುರುವನೂರಿಗೂ ಹೋಯಿತು. ತುರುವನೂರು ಗಿರಿಜಳ ತವರು. ಒಂದು ಬೆಳಿಗ್ಗೆ ಅವಳ ತಮ್ಮ ಒಂದು ಮೂಟೆ ರಾಗಿ, ಅರ್ಧ ಮೂಟೆ ಈರುಳ್ಳಿ ಇಳಿಸಿ, ನನ್ನ ಮುಖ ನೋಡದೆ, "ಭಾವ, ಏನೂ ಅಂದ್ಕಬ್ಯಾಡ್ರಿ. ಕಷ್ಟ ಯಾರಿಗಿಲ್ಲ, ಎಲ್ಲ ಸರಿ ಹೋಗ್ತೈತೆ" ಎಂದ. ನಾನು ಹೂಡಿಕೆಯ ಬಗ್ಗೆ ವಿವರಿಸಲು ಹೊರಟೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, "ಆ ಹೂಡಿಕೆ ಒಂದು ಬಿಟ್ಬಿಡ್ರಿ ಭಾವ" ಎಂದ.

ಅವನು ಹೋದ ಮೇಲೆ ಗಿರಿಜ ಮೂಟೆಯ ಪಕ್ಕ ಕೂತಳು. "ನಮ್ಮೂರಿನೋರು ಸ್ವಾತಂತ್ರ್ಯಕ್ಕೆ ಅಂತ ಜೈಲಿಗೆ ಹೋಗಿದ್ರು. ಊರಿಗೆ ಊರೇ ಇವತ್ತಿಗೂ ನೆನಸ್ತೈತೆ. ನೀವು ಅರ್ಧ ಲೋಟ ಟೀ ಬಿಟ್ಟು ನನ್ನ ತವರಿನಿಂದ ರಾಗಿ ತರಿಸಿದ್ರಿ" ಎಂದಳು. ಅವಳ ದನಿ ಏರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅದರ ಜೊತೆಗೇ, ಆ ತಿಂಗಳು ರಾಗಿ ಕೊಳ್ಳುವ ಖರ್ಚು ಉಳಿಯಿತಲ್ಲ ಎಂಬ ಯೋಚನೆಯೂ ಬಂತು. ಸ್ವಾತಂತ್ರ್ಯದ ಹುಚ್ಚು ಅಂಥದು.

ಇದೆಲ್ಲವನ್ನೂ ನಾನು ತಡೆದುಕೊಂಡೆ. ತಡೆಯಲಾಗದ್ದು ಇನ್ನೊಂದು ಆಯಿತು. ಒಂದು ದಿನ ಹನ್ನೊಂದಕ್ಕೆ ಅಂಚೆ ಕಚೇರಿಗೆಂದು ಹೊರಟವನು ನಾಗಣ್ಣನ ಹೋಟೆಲಿನ ಮುಂದೆ ಹಾದೆ. ಅಂಚೆ ಕಚೇರಿಗೆ ಅದು ದಾರಿಯಲ್ಲ ಎಂಬುದು ಬೇರೆ ಮಾತು. ಗೋಡೆ ಪಕ್ಕದ ಮೇಜಿನಲ್ಲಿ ತಿಪ್ಪೇಸ್ವಾಮಿ ಕೂತಿದ್ದ. ಎದುರಿಗೆ ನನ್ನ ಜಾಗದಲ್ಲಿ ಲೋಕೇಶ ಕೂತಿದ್ದ. ಹಿರಿಯೂರಿನಿಂದ ವರ್ಗವಾಗಿ ಬಂದ ಹೊಸ ಹುಡುಗ, ಲೆಕ್ಕ ವಿಭಾಗದವನು. ಒಂದು ಟೀ, ಎರಡು ಲೋಟ. ಲೋಕೇಶ ಏನೋ ಹೇಳಿದ, ತಿಪ್ಪೇಸ್ವಾಮಿ ನಕ್ಕ. ನನಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷದಲ್ಲಿ ನನ್ನ ಯಾವ ಮಾತಿಗೂ ಅವನು ಆ ರೀತಿ ಹಲ್ಲು ಬಿಟ್ಟು ನಕ್ಕದ್ದು ನೆನಪಿಲ್ಲ. ನಾನು ಬಿಟ್ಟದ್ದು ಟೀ ಮಾತ್ರ ಎಂದುಕೊಂಡಿದ್ದೆ. ಮೇಜು, ಪೇಪರು, ಮಿರ್ಚಿಯ ತುದಿ, ಎಲ್ಲವೂ ಅದರ ಜೊತೆಗೇ ಹೋಗಿತ್ತು. ಈ ಗೆಳೆಯನನ್ನು ಕಳೆದುಕೊಂಡೆನಲ್ಲ ಎಂದು ದುಃಖವಾಯಿತು.

ಲೋಕೇಶನನ್ನು ಕಾರಿಡಾರಿನಲ್ಲಿ ಹಿಡಿದು, ಸುಮ್ಮನೆ ಕೇಳುವವನಂತೆ, "ಏನಪ್ಪ, ನೀನು ಪೂರ್ತಿ ಟೀ ಕುಡಿಯೋನಲ್ವಾ?" ಎಂದು ಕೇಳಿದೆ. ಅವನು ದನಿ ತಗ್ಗಿಸಿ, "ಹೌದು ಸಾರ್, ಮೊದಲು ಪೂರ್ತೀನೇ. ಈಗ ಸ್ವಲ್ಪ ಉಳಿಸಾಣ ಅಂತ. ನಲವತ್ತಕ್ಕೆ ಕೆಲಸ ಬಿಡೋ ಪ್ಲಾನ್ ಐತೆ. ಒಬ್ಬ ಗಡ್ಡದ ಹುಡುಗನ ವಿಡಿಯೋ ನೋಡಿದ್ದೀರಾ?" ಎಂದ. ನೋಡಿಲ್ಲ ಎಂದೆ. ನಾನು ಉಳಿಸಲು ಖಾಲಿ ಮಾಡಿದ ಜಾಗದಲ್ಲಿ ಅವನು ಉಳಿಸಲು ಬಂದು ಕೂತಿದ್ದ. ಅವನು ಅಲ್ಲಿಂದ ಏಳುವಂತಿರಲಿಲ್ಲ. ಅವನ ಇಡೀ ಭವಿಷ್ಯ ಆ ಕುರ್ಚಿಯ ಮೇಲಿತ್ತು.

ಮನೆಯಲ್ಲಿ ಗಿರಿಜಳಿಗೆ ಹೇಳಿದೆ. ಅವಳು ತವರಿನ ಈರುಳ್ಳಿ ಹೆಚ್ಚುತ್ತಿದ್ದಳು. "ತಿಪ್ಪೇಸ್ವಾಮಣ್ಣ ನಿಮಗೆ ನಿಜವಾಗಿ ಬೇಕಾ? ಮೂರು ಸಲ ಕೇಳ್ಕಳ್ರಿ" ಎಂದಳು. ಕೇಳಿಕೊಂಡೆ. ಮೊದಲ ಸಲಕ್ಕೇ ಉತ್ತರ ಬಂತು.

ಮಾರನೆಯ ದಿನ ಹನ್ನೊಂದಕ್ಕೆ ಹೋಟೆಲಿನ ಮೆಟ್ಟಿಲು ಹತ್ತಿದೆ. "ಬರ್ರಿ ಸಾರ್, ಕುಂತ್ಕಳ್ರಿ" ಎಂದು ನಾಗಣ್ಣ ಒಂದು ಸ್ಟೂಲು ಎಳೆದ. ತಿಪ್ಪೇಸ್ವಾಮಿ ಒಳಗಿನ ಹಾಳೆ ಓದುತ್ತಿದ್ದ. ಲೋಕೇಶನಿಗೆ ಪೇಪರಿನ ಅಭ್ಯಾಸವಿಲ್ಲ, ಅವನ ಸುದ್ದಿಯೆಲ್ಲ ಮೊಬೈಲಿನಲ್ಲೇ. ಮುಂದಿನ ಹಾಳೆ ಮಡಿಸಿದ್ದು ಮಡಿಸಿದಂತೆಯೇ ಮೇಜಿನ ತುದಿಯಲ್ಲಿತ್ತು. ತಿಪ್ಪೇಸ್ವಾಮಿ ತಲೆಯೆತ್ತದೆ ಅದನ್ನು ನನ್ನ ಕಡೆ ಸರಿಸಿದ. ನಾನು ಬಿಡಿಸಿಕೊಂಡು ಓದುವವನಂತೆ ಹಿಡಿದೆ. ಅಕ್ಷರ ಸ್ವಲ್ಪ ಹೊತ್ತು ಕಾಣಲಿಲ್ಲ.

"ಬಂತೇನಪ್ಪ ಸ್ವಾತಂತ್ರ್ಯ?" ಎಂದ.

"ಬರ್ತಾ ಐತೆ."

"ಬರ್ಲಿ, ಅಲ್ಲೀತಂಕ ಟೀ ಕುಡಿ" ಎಂದವನು, ಒಳಗಡೆ ತಿರುಗಿ, "ನಾಗಣ್ಣ, ಟೂ ಬೈ ತ್ರೀ" ಎಂದ. ಎರಡು ಟೀ, ಮೂರು ಲೋಟ.

ಲೋಕೇಶನ ಮುಖ ಇಳಿಯಿತು. "ಸಾರ್, ಒಂದನ್ನೇ ಮೂರು ಮಾಡಿದ್ರೆ..." ಎಂದು ಶುರು ಮಾಡಿದ. ಒಂದು ಟೀಯನ್ನು ಮೂರು ಲೋಟಕ್ಕೆ ಹಂಚುವುದು ತನ್ನ ಹೋಟೆಲಿನ ಮರ್ಯಾದೆಗೆ ಒಪ್ಪುವುದಿಲ್ಲ ಎಂದು ನಾಗಣ್ಣ ಅಲ್ಲಿಂದಲೇ ಹೇಳಿದ. ದುಡ್ಡು ಕೊಡುವ ಹೊತ್ತಿಗೆ ತಿಪ್ಪೇಸ್ವಾಮಿ, ನಾನು ಬಿಟ್ಟ ಪಾಳಿಗಳೆಲ್ಲ ಬಾಕಿ ಇವೆಯೆಂದೂ, ಅವು ತೀರುವವರೆಗೆ ದಿನವೂ ನನ್ನದೇ ಪಾಳಿಯೆಂದೂ ತೀರ್ಪು ಕೊಟ್ಟ. ಲೋಕೇಶ ಕೂಡಲೇ ಒಪ್ಪಿದ.

ಹೂಡಿಕೆಯ ಕಂತು ಈಗಲೂ ಕಟ್ಟುತ್ತಿದ್ದೇನೆ. ಅದರ ಉಸ್ತುವಾರಿ ಗಿರಿಜ ವಹಿಸಿಕೊಂಡಿದ್ದಾಳೆ, ಕೊತ್ತಂಬರಿಯೂ ಬರುತ್ತಿದೆ. ಪ್ಲೇಟಿನಲ್ಲಿ ಈಗ ಎರಡು ಮಿರ್ಚಿ. ಪಾಳಿಯ ಬಾಕಿಯೂ ತೀರಿತು. ಆದರೂ ಮೊನ್ನೆ ಭಾನುವಾರ ಊಟವಾಗಿ ಚಾಪೆಯ ಮೇಲೆ ಅಡ್ಡಾಗಿ ಮತ್ತೆ ಲೆಕ್ಕ ಹಾಕಿದೆ. ಸ್ವಾತಂತ್ರ್ಯಕ್ಕೆ ಹೊರಡುವ ಮೊದಲು ನಾನು ದಿನಾ ಹನ್ನೊಂದಕ್ಕೆ ಅರ್ಧ ಕಾರು ಕುಡಿಯುತ್ತಿದ್ದೆ. ಈಗ ಮೂರರಲ್ಲಿ ಎರಡು ಪಾಲು ಕುಡಿಯುತ್ತಿದ್ದೇನೆ.